ಹೋಟೆಲ್ ಲಾಬಿಯ ಆ ಫೋನ್: ಕುಡಿತ ಬಿಡಲು ಇನ್ನೊಬ್ಬ ಕುಡುಕನನ್ನು ಹುಡುಕಿದ ಬಿಲ್ ವಿಲ್ಸನ್

ಕುಡಿತ ಬಿಡಿಸುವ ಬಗ್ಗೆ ವಾಟ್ಸಾಪ್‌ನಲ್ಲಿ ಓಡಾಡುವ ಫಾರ್ವರ್ಡ್‌ಗಳು ಹೆಚ್ಚಾಗಿ ಎರಡು ಬಗೆಯವು. ಒಂದು, ಊಟದಲ್ಲಿ ಗೊತ್ತಾಗದಂತೆ ಬೆರೆಸಿ ಕೊಡುವ ಪುಡಿಯದ್ದು. ಇನ್ನೊಂದು, ಮನಸ್ಸು ಗಟ್ಟಿ ಮಾಡಿಕೊಂಡು ಒಂದೇ ದಿನದಲ್ಲಿ ಬಿಟ್ಟವರ ಕಥೆ. ಈ ಎರಡನೆಯ ಬಗೆಗೆ ಒಪ್ಪುವ ಹಾಗೆ ಹೇಳಿಬಿಡಬಹುದಾದ ಬದುಕು ಅಮೆರಿಕದ ಬಿಲ್ ವಿಲ್ಸನ್ ಅವರದು. ಷೇರುಪೇಟೆಯಲ್ಲಿ ಎಲ್ಲ ಕಳೆದುಕೊಂಡ ಕುಡುಕ, ಆಸ್ಪತ್ರೆಯ ಕೋಣೆಯಲ್ಲಿ ದಿವ್ಯವಾದ ಬೆಳಕು ಕಂಡಿತು, ಅಂದಿನಿಂದ ಒಂದು ಹನಿಯೂ ಮುಟ್ಟಲಿಲ್ಲ, ಜಗತ್ತಿನಾದ್ಯಂತ ಹಬ್ಬಿದ ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಕಟ್ಟಿದರು.

ಇದರಲ್ಲಿ ಸುಳ್ಳು ಎನ್ನುವಂಥದ್ದು ಏನೂ ಇಲ್ಲ. ಆದರೆ ಹೀಗೆ ಹೇಳಿದರೆ ಕಥೆಯ ಮುಖ್ಯ ಭಾಗವೇ ಬಿಟ್ಟುಹೋಗುತ್ತದೆ. ಬೆಳಕು ಕಂಡ ಐದು ತಿಂಗಳಿಗೆ ಇದೇ ಬಿಲ್, ಗೊತ್ತಿಲ್ಲದ ಊರಿನ ಹೋಟೆಲೊಂದರ ಲಾಬಿಯಲ್ಲಿ ಬಾರಿನ ಬಾಗಿಲು ನೋಡುತ್ತ ನಡುಗುತ್ತಿದ್ದರು. ಅವತ್ತು ಅವರನ್ನು ಉಳಿಸಿದ್ದು ಬೆಳಕಲ್ಲ, ಒಂದು ಫೋನ್. ಅಲ್ಲಿಗೆ ಬರುವ ಮೊದಲು ಸ್ವಲ್ಪ ಹಿಂದಿನಿಂದ ನೋಡೋಣ.

ಬಾರ್ ಇದ್ದ ಮನೆಯಲ್ಲಿ ಹುಟ್ಟಿದ ಹುಡುಗ

ವಿಲಿಯಂ ಗ್ರಿಫಿತ್ ವಿಲ್ಸನ್ ಹುಟ್ಟಿದ್ದು 1895ರ ನವೆಂಬರ್ 26ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆಯ ಕಡೆಯವರು ನಡೆಸುತ್ತಿದ್ದ ವಸತಿಗೃಹವೇ ಹುಟ್ಟಿದ ಮನೆ. ಹೆರಿಗೆಯಾದ ಕೋಣೆ ಬಾರ್‌ನ ಹಿಂಬದಿಗಿತ್ತು. ಆ ಮನೆಯಲ್ಲಿ ಕುಡಿತ ಹೊಸದೂ ಆಗಿರಲಿಲ್ಲ. ತಂದೆಯ ತಂದೆ ಭಾರಿ ಕುಡುಕರಾಗಿದ್ದು, ಊರ ಪಕ್ಕದ ಬೆಟ್ಟದ ಮೇಲೆ ದೈವಾನುಭವವಾಗಿ ಕುಡಿತ ಬಿಟ್ಟರು ಎಂಬ ಮಾತು ಕುಟುಂಬದಲ್ಲಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹುಡುಗನಿಗೆ ಹತ್ತು ಹನ್ನೊಂದು ವರ್ಷವಾಗುವಷ್ಟರಲ್ಲಿ ಅಪ್ಪ ಮನೆ ಬಿಟ್ಟು ಕೆನಡಾ ಕಡೆ ಹೋದರು. ಅಮ್ಮ ಓದಲು ಬಾಸ್ಟನ್‌ಗೆ ಹೊರಟರು. ಬಿಲ್ ಮತ್ತು ತಂಗಿ ಬೆಳೆದದ್ದು ಅಮ್ಮನ ತವರಿನಲ್ಲಿ, ಅಜ್ಜ ಅಜ್ಜಿಯ ಹತ್ತಿರ. ಬೂಮರಾಂಗ್ ಮಾಡುವುದು ಆಸ್ಟ್ರೇಲಿಯಾದವರಿಗೆ ಬಿಟ್ಟರೆ ಬೇರೆ ಯಾರಿಗೂ ಬಾರದು ಎಂದು ಅಜ್ಜ ಒಮ್ಮೆ ಹೇಳಿದ್ದೇ ತಡ, ಹುಡುಗ ತಿಂಗಳುಗಟ್ಟಲೆ ಮರ ಕೆತ್ತುತ್ತ ಕೂತ. ಕೊನೆಗೆ, ಎಸೆದರೆ ತಿರುಗಿ ಬರುವ ಬೂಮರಾಂಗ್ ಮಾಡಿಯೇ ಬಿಟ್ಟ. ಹಟಕ್ಕೆ ಬಿದ್ದರೆ ಸಾಧಿಸದೆ ಬಿಡದ ಜಾತಿ. ಕುಡುಕರಿಗೆ ಮನೋಬಲ ಇರುವುದಿಲ್ಲ ಎನ್ನುವವರು ಈ ಪ್ರಸಂಗವನ್ನು ಗಮನಿಸಬೇಕು. ಬಿಲ್‌ಗೆ ಮನೋಬಲದ ಕೊರತೆ ಯಾವತ್ತೂ ಇರಲಿಲ್ಲ.

17ರ ಹರೆಯದ ಹೊತ್ತಿಗೆ, ಶಾಲೆಯಲ್ಲಿ ಪ್ರೀತಿಸಿದ್ದ ಹುಡುಗಿ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಳು. ಬಿಲ್ ತಿಂಗಳುಗಟ್ಟಲೆ ಖಿನ್ನತೆಗೆ ಜಾರಿದರು. ಈ ಖಿನ್ನತೆ ಮುಂದೆ ಬದುಕಿನುದ್ದಕ್ಕೂ ಬಿಟ್ಟು ಬಿಟ್ಟು ಮರಳಿತು. ಕುಡಿತ ಬಿಟ್ಟ ಮೇಲೂ.

ಮೊದಲ ಗ್ಲಾಸ್ ಸಿಕ್ಕಿದ್ದು 1917ರಲ್ಲಿ. ಮೊದಲ ಮಹಾಯುದ್ಧದ ಸಮಯ, ಬಿಲ್ ಸೇನೆಯ ಯುವ ಅಧಿಕಾರಿ. ಜನರ ನಡುವೆ ನಿಂತರೆ ಮುದುಡಿಹೋಗುತ್ತಿದ್ದ ಹಳ್ಳಿಯ ಹುಡುಗನಿಗೆ, ಪಟ್ಟಣದ ಶ್ರೀಮಂತರ ಔತಣದಲ್ಲಿ ಯಾರೋ ಕೈಗಿತ್ತ ಕಾಕ್‌ಟೇಲ್ ಕುಡಿದೊಡನೆ ತಾನೂ ಇವರಲ್ಲೊಬ್ಬ ಅನಿಸಿತು. ಆ ಅನಿಸಿಕೆಯೇ ಬಲೆ. 1918ರ ಜನವರಿ 24ರಂದು ಲೋಯಿಸ್ ಬರ್ನ್‌ಹ್ಯಾಮ್ ಅವರನ್ನು ಮದುವೆಯಾಗಿ ಬಿಲ್ ಯುರೋಪಿಗೆ ಹೋದರು, ಯುದ್ಧ ಮುಗಿದ ಮೇಲೆ ಮರಳಿದರು.

ಆಮೇಲಿನ ಹತ್ತು ವರ್ಷ ಏರಿಕೆಯ ಕಾಲ. ಬ್ರೂಕ್ಲಿನ್‌ನಲ್ಲಿ ಕಾನೂನು ಓದಿದರು, ಆದರೆ ಕುಡಿತದ ದೆಸೆಯಿಂದ ಪದವಿ ಪತ್ರ ಕೈಗೆ ಬರಲಿಲ್ಲ. 1925ರಲ್ಲಿ ಗಂಡ ಹೆಂಡತಿ ಸೈಡ್‌ಕಾರ್ ಇದ್ದ ಮೋಟಾರ್ ಸೈಕಲ್ ಹತ್ತಿ ಊರೂರು ತಿರುಗಿದರು. ಕಂಪನಿಗಳನ್ನು ಹತ್ತಿರದಿಂದ ನೋಡಿ, ಯಾವುದರ ಷೇರು ಕೊಳ್ಳಬಹುದು ಎಂದು ವರದಿ ಬರೆಯುವುದು ಬಿಲ್ ಅವರ ಉಪಾಯ. ಈಗ ಅದನ್ನು ಷೇರು ವಿಶ್ಲೇಷಣೆ ಎನ್ನುತ್ತೇವೆ, ಆಗ ಹಾಗೆ ಮಾಡುವವರು ವಿರಳ. ಹಣ ಹರಿದು ಬಂತು, ಹೆಂಡವೂ ಹರಿಯಿತು. 1929ರಲ್ಲಿ ಷೇರುಪೇಟೆ ಕುಸಿದಾಗ ಹಣ ನಿಂತಿತು, ಹೆಂಡ ನಿಲ್ಲಲಿಲ್ಲ. ದಂಪತಿ ಲೋಯಿಸ್ ಅವರ ತವರುಮನೆ ಸೇರಿದರು. ಲೋಯಿಸ್ ನ್ಯೂಯಾರ್ಕ್‌ನ ಮೇಸೀಸ್ ಮಳಿಗೆಯಲ್ಲಿ ಕೆಲಸ ಹಿಡಿದು ಮನೆ ನಡೆಸಿದರು. ಇನ್ನು ಮುಟ್ಟುವುದಿಲ್ಲ ಎಂದು ಬಿಲ್ ಮನೆಯ ಬೈಬಲ್‌ನಲ್ಲಿ ಬರೆದುಕೊಟ್ಟ ಪ್ರಮಾಣಗಳೂ ಇವೆ. ಒಂದಲ್ಲ, ಹಲವು.

ಬೆಳಕಿನ ಕೋಣೆ

1933–34ರಲ್ಲಿ ಬಿಲ್ ನ್ಯೂಯಾರ್ಕ್‌ನ ಟೌನ್ಸ್ ಆಸ್ಪತ್ರೆಗೆ ಮತ್ತೆ ಮತ್ತೆ ಸೇರಿದರು. ಅಲ್ಲಿನ ವೈದ್ಯ ವಿಲಿಯಂ ಸಿಲ್ಕ್‌ವರ್ತ್ ಆ ಕಾಲಕ್ಕೆ ಅಪರೂಪದ ಮಾತು ಹೇಳುತ್ತಿದ್ದರು: ಕುಡಿತ ನಡತೆಯ ದೋಷವಲ್ಲ, ಕಾಯಿಲೆ. ಅವರು ಅದನ್ನು ಒಂದು ಬಗೆಯ ಅಲರ್ಜಿ ಎಂದು ವಿವರಿಸಿದರು. ಈ ಅಲರ್ಜಿ ವಾದವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಮದ್ಯವ್ಯಸನದಲ್ಲಿ ಮಿದುಳಿನ ಸುಖಾನುಭವದ ಮತ್ತು ನಿಯಂತ್ರಣದ ವ್ಯವಸ್ಥೆಗಳು ಬದಲಾಗುತ್ತವೆ, ಅಪಾಯದ ಸುಮಾರು ಅರ್ಧ ಪಾಲು ಅನುವಂಶೀಯ ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. ವಿವರ ತಪ್ಪಾದರೂ ಸಿಲ್ಕ್‌ವರ್ತ್ ಹೇಳಿದ ಮೂಲ ಮಾತು ಉಳಿದುಕೊಂಡಿದೆ.

1934ರ ನವೆಂಬರ್‌ನಲ್ಲಿ ಹಳೆಯ ಕುಡಿತದ ಗೆಳೆಯ ಎಬ್ಬಿ ಥ್ಯಾಚರ್ ಮನೆಗೆ ಬಂದರು. ಬಿಲ್ ಗ್ಲಾಸ್ ಮುಂದಿಟ್ಟರೆ ಎಬ್ಬಿ ಬೇಡವೆಂದರು. ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟ ಸೇರಿ ಕುಡಿತ ಬಿಟ್ಟಿದ್ದರು. ವೈದ್ಯರು, ಹೆಂಡತಿ, ಅತ್ತೆ ಮಾವ ಎಷ್ಟು ಹೇಳಿದರೂ ನಾಟದಿದ್ದದ್ದು, ತನ್ನಷ್ಟೇ ಕೆಟ್ಟುಹೋಗಿದ್ದ ಗೆಳೆಯ ಎದುರು ಕೂತಾಗ ನಾಟಿತು. ಆದರೂ ಬಿಲ್ ತಕ್ಷಣ ಬಿಡಲಿಲ್ಲ, ಇನ್ನೂ ಕೆಲವು ವಾರ ಕುಡಿದರು. ಡಿಸೆಂಬರ್ 11ರಂದು ಕೊನೆಯ ಬಾರಿ ಟೌನ್ಸ್ ಆಸ್ಪತ್ರೆ ಸೇರಿದರು.

ಫಾರ್ವರ್ಡ್‌ಗೆ ಬೇಕಾದ ಬೆಳಕು ಬರುವುದು ಇಲ್ಲಿ. ಆಸ್ಪತ್ರೆಯ ಹಾಸಿಗೆಯಲ್ಲಿ, ತೀರಾ ಕುಸಿದ ಗಳಿಗೆಯಲ್ಲಿ, ಕೋಣೆ ತುಂಬ ಬಿಳಿ ಬೆಳಕು, ಬೆಟ್ಟದ ತುದಿಯಲ್ಲಿ ನಿಂತು ಗಾಳಿಗೆ ಮೈಯೊಡ್ಡಿದ ಅನುಭವ. ಬೆಟ್ಟ, ಅಜ್ಜನ ಕಥೆಯಲ್ಲಿದ್ದ ಹಾಗೆಯೇ.

ಈಗ ಇನ್ನೊಂದು ಸಂಗತಿ ಕೇಳಿ. ಆ ಆಸ್ಪತ್ರೆಯ ಚಿಕಿತ್ಸೆಯಲ್ಲಿ ಬೆಲ್ಲಡೋನಾ ಗಿಡದ ಸಾರ ಕೊಡುತ್ತಿದ್ದರು. ಅದರಲ್ಲಿರುವುದು ಆಟ್ರೊಪಿನ್, ಸ್ಕೋಪೊಲಮಿನ್ ಎಂಬ ರಾಸಾಯನಿಕಗಳು. ನಮ್ಮ ಹಿತ್ತಲ ಬೇಲಿಯ ಉಮ್ಮತ್ತಿ ಗಿಡದಲ್ಲಿರುವುದೂ ಇವೇ. ಉಮ್ಮತ್ತಿ ಬೀಜ ತಿಂದವರಿಗೆ ಏನೇನೋ ಕಾಣುತ್ತದೆ ಎಂಬುದು ಹಳ್ಳಿಯವರಿಗೆಲ್ಲ ಗೊತ್ತು. ಸಾಲದ್ದಕ್ಕೆ, ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದಾಗಲೂ ಎರಡು ಮೂರು ದಿನದಲ್ಲಿ ಭ್ರಮೆಗಳು ಕಾಣಿಸಬಹುದು. ಬಿಲ್ ಕಂಡದ್ದು ದೈವವೋ, ಗಿಡದ ಮಹಿಮೆಯೋ ಎಂದು ನಾವು ತೀರ್ಪು ಕೊಡಲಾರೆವು. ಅವರಿಗೇ ತಲೆ ಕೆಟ್ಟಿತೇನೋ ಎಂಬ ಅನುಮಾನ ಬಂದಿತ್ತು, ಡಾಕ್ಟರ್ ಸಿಲ್ಕ್‌ವರ್ತ್ ಧೈರ್ಯ ಹೇಳಿದರು. ಆದರೆ ಒಂದು ಖಚಿತ: ಅದೇ ಮದ್ದನ್ನು ಅದೇ ಆಸ್ಪತ್ರೆಯಲ್ಲಿ ಅವರು ಹಿಂದೆಯೂ ತೆಗೆದುಕೊಂಡಿದ್ದರು, ಹೊರಗೆ ಬಂದು ಹಿಂದೆಯೂ ಕುಡಿದಿದ್ದರು.

ಆಕ್ರನ್‌ನ ಶನಿವಾರ

ಆಸ್ಪತ್ರೆಯಿಂದ ಬಂದ ಬಿಲ್ ಸಿಕ್ಕಸಿಕ್ಕ ಕುಡುಕರನ್ನೆಲ್ಲ ಹಿಡಿದು ಬೆಳಕಿನ ಕಥೆ ಹೇಳತೊಡಗಿದರು. ಮನೆಗೂ ಕರೆತಂದು ಇಟ್ಟುಕೊಂಡರು. ಐದು ತಿಂಗಳು ಕಳೆದರೂ ಒಬ್ಬನೂ ಬಿಡಲಿಲ್ಲ. ಎಲ್ಲ ದಂಡ ಎಂದು ಬಿಲ್ ಕೈಚೆಲ್ಲಿದಾಗ ಲೋಯಿಸ್ ಒಂದು ವಿಷಯ ತೋರಿಸಿಕೊಟ್ಟರು. ಅಷ್ಟೂ ತಿಂಗಳು ಬಿಲ್ ಮಾತ್ರ ಕುಡಿದಿರಲಿಲ್ಲ. ಉಪದೇಶ ಕಡಿಮೆ ಮಾಡಿ, ಕಾಯಿಲೆಯ ಬಗ್ಗೆ ಹೆಚ್ಚು ಮಾತಾಡಿ ಎಂದು ಸಿಲ್ಕ್‌ವರ್ತ್ ಕೂಡ ತಿದ್ದಿದರು.

1935ರ ಮೇ ತಿಂಗಳಲ್ಲಿ ಬಿಲ್ ಒಹಾಯೊ ರಾಜ್ಯದ ಆಕ್ರನ್‌ಗೆ ಹೋದರು. ರಬ್ಬರ್ ಯಂತ್ರಗಳ ಕಂಪನಿಯೊಂದರ ಆಡಳಿತವನ್ನು ಷೇರುದಾರರ ಮತಗಳಿಂದ ಗೆಲ್ಲುವ ಪೈಪೋಟಿ ಅದು. ಗೆದ್ದಿದ್ದರೆ ಬದುಕು ಮತ್ತೆ ಹಳಿಗೆ ಬರುತ್ತಿತ್ತು, ಆದರೆ ಸೋತರು. ಜೊತೆಯವರು ನ್ಯೂಯಾರ್ಕ್‌ಗೆ ಮರಳಿದರು. ಮೇ 11ರ ಶನಿವಾರ, ಮೇಫ್ಲವರ್ ಹೋಟೆಲಿನಲ್ಲಿ ಬಿಲ್ ಒಬ್ಬರೇ. ಜೇಬಿನಲ್ಲಿ ಹೋಟೆಲ್ ಬಿಲ್ ಕಟ್ಟಲೂ ಸಾಲದಷ್ಟು ಹಣ. ಲಾಬಿಯ ಒಂದು ತುದಿಯಲ್ಲಿ ಬಾರು, ಅಲ್ಲಿಂದ ನಗು, ಗದ್ದಲ. ಇನ್ನೊಂದು ತುದಿಯಲ್ಲಿ ಫೋನ್, ಅದರ ಪಕ್ಕ ಊರಿನ ಚರ್ಚುಗಳ ಪಟ್ಟಿ.

ಒಂದು ಸೋಡಾ ಕುಡಿದು ಯಾರೊಂದಿಗಾದರೂ ಹರಟೆ ಹೊಡೆದು ಬಂದರಾಯಿತು ಎಂಬ ಯೋಚನೆ ಮೊದಲು ಬಂತು. ಕುಡಿತ ಬಿಟ್ಟವರಿಗೆಲ್ಲ ಗೊತ್ತಿರುವ ಯೋಚನೆ ಇದು. ಆಮೇಲೆ ಹೆದರಿಕೆ ಹುಟ್ಟಿತು. ಆ ಹೆದರಿಕೆಯಲ್ಲಿ ಬಿಲ್‌ಗೆ ಬೇಕೆನಿಸಿದ್ದು ವೈದ್ಯರಲ್ಲ, ಪಾದ್ರಿಯಲ್ಲ, ಇನ್ನೊಬ್ಬ ಕುಡುಕ. ಅವನನ್ನು ಉದ್ಧಾರ ಮಾಡಲಿಕ್ಕಲ್ಲ, ತಾನು ಉಳಿಯಲಿಕ್ಕೆ.

ಪಟ್ಟಿಯಲ್ಲಿದ್ದ ವಾಲ್ಟರ್ ಟಂಕ್ಸ್ ಎಂಬ ಪಾದ್ರಿಗೆ ಫೋನ್ ಮಾಡಿದರು. ನನಗೆ ಒಬ್ಬ ಕುಡುಕ ಬೇಕು ಎಂದು ಅಪರಿಚಿತನೊಬ್ಬ ಕೇಳಿದರೆ ಯಾರಿಗಾದರೂ ಗಲಿಬಿಲಿಯಾದೀತು. ಆದರೂ ಟಂಕ್ಸ್ ಹತ್ತು ಹೆಸರು ಕೊಟ್ಟರು. ಬಿಲ್ ಒಂದೊಂದಾಗಿ ಕರೆ ಮಾಡಿದರು. ಕೆಲವರು ಸಿಗಲಿಲ್ಲ, ಕೆಲವರಿಗೆ ಪುರುಸೊತ್ತಿರಲಿಲ್ಲ. ಕೊನೆಗೆ ಒಬ್ಬರಿಂದ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯ ಹೆಸರು ಸಿಕ್ಕಿತು. ಆಕ್ಸ್‌ಫರ್ಡ್ ಗ್ರೂಪಿನವರೇ ಆದ ಹೆನ್ರಿಯೆಟಾ, ತಮ್ಮ ಪರಿಚಯದ ಡಾಕ್ಟರೊಬ್ಬರ ಕುಡಿತ ಬಿಡಿಸಲು ಬಹುದಿನದಿಂದ ಒದ್ದಾಡುತ್ತಿದ್ದರು. ಮನೆಗೆ ಬನ್ನಿ ಎಂದರು. ಆದರೆ ಅವತ್ತು ಆ ಡಾಕ್ಟರ್ ಬರುವ ಸ್ಥಿತಿಯಲ್ಲಿರಲಿಲ್ಲ. ಮರುದಿನದ ಅಮ್ಮಂದಿರ ದಿನಕ್ಕೆಂದು ಹೆಂಡತಿಗೆ ಹೂಕುಂಡ ತಂದು ಮೇಜಿನ ಮೇಲಿಟ್ಟವರೇ, ಅಮಲಿನಲ್ಲಿ ಉರುಳಿಕೊಂಡಿದ್ದರು.

ಡಾಕ್ಟರ್ ಬಾಬ್ ಸ್ಮಿತ್ ಆಕ್ರನ್‌ನ ಶಸ್ತ್ರವೈದ್ಯರು. ವಯಸ್ಸು 55, ಬಿಲ್‌ಗಿಂತ 16 ವರ್ಷ ದೊಡ್ಡವರು, ಬಿಲ್ ಹಾಗೆಯೇ ವರ್ಮಾಂಟ್‌ನವರು. ಮೇ 12ರ ಭಾನುವಾರ ಸಂಜೆ ಐದಕ್ಕೆ, ಹದಿನೈದು ನಿಮಿಷ ಮಾತ್ರ ಎಂಬ ಷರತ್ತಿನ ಮೇಲೆ ಹೆಂಡತಿ ಆ್ಯನ್ ಜೊತೆ ಬಂದರು. ಎದ್ದಾಗ ರಾತ್ರಿ ಹನ್ನೊಂದು ದಾಟಿತ್ತು. ಬಿಲ್ ಬುದ್ಧಿ ಹೇಳಲಿಲ್ಲ. ತಾನು ಕುಡಿದದ್ದು, ಬಚ್ಚಿಟ್ಟದ್ದು, ಸುಳ್ಳು ಹೇಳಿದ್ದು, ಹೆದರಿದ್ದು ಹೇಳಿಕೊಂಡರು, ಅಷ್ಟೇ. ಕುಡಿತದ ಬಗ್ಗೆ ಪುಸ್ತಕದಿಂದಲ್ಲದೆ ಮೈಯಿಂದ ಬಲ್ಲವರೊಬ್ಬರ ಜೊತೆ ಬಾಬ್ ಹೀಗೆ ಮಾತಾಡಿದ್ದು ಅದೇ ಮೊದಲು. ನಮ್ಮ ಪ್ರಕಾರ ಇಡೀ ಎ.ಎ. ಹುಟ್ಟಿದ್ದು ಆ ಆರು ಗಂಟೆಗಳಲ್ಲಿ.

ಇಲ್ಲೂ ಪವಾಡವಿಲ್ಲ. ಕೆಲವೇ ವಾರದಲ್ಲಿ ಬಾಬ್ ವೈದ್ಯರ ಸಮ್ಮೇಳನಕ್ಕೆಂದು ಅಟ್ಲಾಂಟಿಕ್ ಸಿಟಿಗೆ ಹೋದವರು ರೈಲಿನಿಂದಲೇ ಕುಡಿಯಲು ಶುರು ಮಾಡಿದರು. ಮರಳಿದಾಗ ಶಸ್ತ್ರಚಿಕಿತ್ಸೆಯೊಂದು ಕಾದಿತ್ತು, ಕೈ ನಡುಗುತ್ತಿತ್ತು. ಅಂದು ಬೆಳಿಗ್ಗೆ ನಡುಕ ನಿಲ್ಲಲೆಂದು ಬಿಲ್ ಅವರೇ ಒಂದು ಬಿಯರ್ ಕೊಟ್ಟು ಕಳಿಸಿದರು. ಇದನ್ನು ಓದುವಾಗ ನಮಗೆ ಇಂದಿಗೂ ಆ ರೋಗಿಯ ಬಗ್ಗೆಯೇ ಚಿಂತೆ. ಅದೇ ಬಾಬ್ ಅವರ ಕೊನೆಯ ಕುಡಿತ. ಎ.ಎ. ತನ್ನ ಹುಟ್ಟುಹಬ್ಬವೆಂದು ಆಚರಿಸುವ 1935ರ ಜೂನ್ 10 ಆ ದಿನವೇ. ಇಬ್ಬರೂ ಸೇರಿ ಆಕ್ರನ್ ಸಿಟಿ ಆಸ್ಪತ್ರೆಯಲ್ಲಿದ್ದ ಬಿಲ್ ಡಾಟ್ಸನ್ ಎಂಬ ವಕೀಲರನ್ನು ಹೋಗಿ ನೋಡಿದರು. ಅವರು ಮೂರನೆಯವರಾದರು.

ಎರಡು ವರ್ಷ ದುಡಿದು ಲೆಕ್ಕ ಹಾಕಿದರೆ ಸಿಕ್ಕವರು 40 ಜನ. 1939ರಲ್ಲಿ ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಪುಸ್ತಕ ಬಂತು, ಹನ್ನೆರಡು ಹೆಜ್ಜೆಗಳು ಇರುವುದು ಅದರಲ್ಲೇ. ಪುಸ್ತಕ ಮಾರಾಟವಾಗಲಿಲ್ಲ. ಅದೇ ವರ್ಷ ಬಿಲ್ ಮತ್ತು ಲೋಯಿಸ್ ಇದ್ದ ಮನೆಯೂ ಸಾಲಕ್ಕೆ ಹೋಗಿ, ಎರಡು ವರ್ಷ ಪರರ ಮನೆಗಳಲ್ಲಿ ಕಳೆದರು. ಟೌನ್ಸ್ ಆಸ್ಪತ್ರೆ ಸಂಬಳದ ಕೆಲಸ ಕೊಡಲು ಮುಂದೆ ಬಂದಾಗ, ಹಣಕ್ಕೆ ಮಾಡಿದರೆ ಇದು ಕೆಡುತ್ತದೆ ಎಂದು ಜೊತೆಯವರು ಬೇಡವೆಂದಿದ್ದರು. ಬಿಲ್ ಒಪ್ಪಿಕೊಂಡಿದ್ದರು. 1941ರ ಮಾರ್ಚ್‌ನಲ್ಲಿ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಬಂದ ಲೇಖನದ ನಂತರ, ಎರಡು ಸಾವಿರದಷ್ಟಿದ್ದ ಸದಸ್ಯರು ವರ್ಷದ ಕೊನೆಗೆ ಎಂಟು ಸಾವಿರವಾದರು. ಕುಡುಕರ ಮನೆಯವರಿಗೂ ಇಂಥದ್ದೇ ಕೂಟ ಬೇಕೆಂದು 1951ರಲ್ಲಿ ಲೋಯಿಸ್ ಮುಂದೆ ನಿಂತು ‘ಅಲ್-ಅನಾನ್’ ಕಟ್ಟಿದರು.

ಕೂಟ ನಿಜಕ್ಕೂ ಕೆಲಸ ಮಾಡುತ್ತದೆಯೇ?

ಬಹಳ ವರ್ಷ ಇದಕ್ಕೆ ಸರಿಯಾದ ಉತ್ತರ ಇರಲಿಲ್ಲ. 2006ರಲ್ಲಿ ಕೊಕ್ರೇನ್ ಸಂಸ್ಥೆಯ ಪರಾಮರ್ಶೆ, ಖಚಿತ ಸಾಕ್ಷ್ಯ ಸಾಲದು ಎಂದಿತ್ತು. 2020ರಲ್ಲಿ ಅದೇ ಸಂಸ್ಥೆ 27 ಅಧ್ಯಯನಗಳನ್ನು, ಅಂದರೆ 10,565 ಜನರ ಮಾಹಿತಿಯನ್ನು ಮತ್ತೆ ನೋಡಿತು. ಜನರನ್ನು ಎ.ಎ. ಕೂಟಕ್ಕೆ ಸೇರಿಸುವ ಕ್ರಮಬದ್ಧ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಬಳಿಕ ಪೂರ್ತಿ ಕುಡಿತ ಬಿಟ್ಟಿದ್ದವರು ಸುಮಾರು ಶೇ 42. ವರ್ತನೆ ತಿದ್ದುವ ಆಪ್ತಸಮಾಲೋಚನೆಯಂಥ ಬೇರೆ ಚಿಕಿತ್ಸೆ ಪಡೆದವರಲ್ಲಿ ಸುಮಾರು ಶೇ 35. ಪುಕ್ಕಟೆ ನಡೆಯುವ ಕೂಟಕ್ಕೆ ಇದು ಸಣ್ಣ ಮಾತಲ್ಲ. ಆದರೆ ಅದೇ ಅಂಕಿಯನ್ನು ತಿರುಗಿಸಿ ನೋಡಿ. ನೂರರಲ್ಲಿ 58 ಮಂದಿಗೆ ಪೂರ್ತಿ ಬಿಡಲಾಗಿರಲಿಲ್ಲ. ಒಮ್ಮೆ ಹೋದರೆ ವಾಸಿ ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ನಂಬಬೇಡಿ.

ಭಾರತದಲ್ಲಿ ಎ.ಎ. ಶುರುವಾಗಿದ್ದು 1957ರಲ್ಲಿ. ಬೆಂಗಳೂರಿನಲ್ಲೂ ಕೂಟಗಳಿವೆ, ಹಲವು ಚರ್ಚಿನ ಇಲ್ಲವೇ ಶಾಲೆಯ ಕೋಣೆಗಳಲ್ಲಿ ನಡೆಯುತ್ತವೆ. ಜಾಗ ಚರ್ಚಿನದಾದ ಮಾತ್ರಕ್ಕೆ ಮತಾಂತರದ ಕೂಟ ಎಂಬ ಗುಮಾನಿ ಬೇಡ. ಎ.ಎ. ಯಾವ ಧರ್ಮಕ್ಕೂ ಸೇರಿದ್ದಲ್ಲ. ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ ನಿಜ, ಅವರವರು ತಿಳಿದ ಹಾಗಿನ ದೇವರು. ಸೇರಲು ಬೇಕಾದದ್ದು ಕುಡಿತ ಬಿಡಬೇಕೆಂಬ ಆಸೆ ಮಾತ್ರ. ಶುಲ್ಕ ಇಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ, ಮೊದಲ ದಿನ ಮೂಲೆಯಲ್ಲಿ ಸುಮ್ಮನೆ ಕೂತು ಕೇಳಿ ಬರಬಹುದು. ಕುಡಿತ ಬಿಟ್ಟವರು ಜೊತೆಯಾಗುವ ಕ್ರಮ ನಮ್ಮ ಹಳ್ಳಿಗಳಲ್ಲಿ ಇನ್ನೊಂದು ರೂಪದಲ್ಲೂ ಇದೆ. ಮದ್ಯವರ್ಜನ ಶಿಬಿರ ಮುಗಿಸಿದವರು ಕಟ್ಟಿಕೊಳ್ಳುವ ನವಜೀವನ ಸಮಿತಿಗಳನ್ನು ನೀವೂ ನೋಡಿರಬಹುದು.

ಹತ್ತಿರದ ಕೂಟ ಎಲ್ಲಿದೆ ಗೊತ್ತಿಲ್ಲವೇ? ವ್ಯಸನಮುಕ್ತಿಯ ರಾಷ್ಟ್ರೀಯ ಉಚಿತ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಮೊದಲು ಹೋದ ಕೂಟ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಬಿಲ್‌ಗೂ ಮೊದಲ ಕರೆಯಲ್ಲೇ ಬಾಬ್ ಸಿಗಲಿಲ್ಲ.

ಎರಡು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ದಿನಾ ಹೆಚ್ಚು ಕುಡಿಯುವವರು ವೈದ್ಯರಿಗೆ ತಿಳಿಸದೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಸನ್ನಿ ಬಂದು ಜೀವಕ್ಕೇ ಅಪಾಯವಾಗಬಹುದು. ಕೈ ನಡುಕ, ಬೆವರು, ಇಲ್ಲದ್ದು ಕಾಣುವುದು ಶುರುವಾದರೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ನು ಆ ಗುಟ್ಟಿನ ಪುಡಿ. ಡೈಸಲ್ಫಿರಾಮ್ ಎಂಬ ನಿಜವಾದ ಔಷಧಿಯೊಂದಿದೆ, ಅದನ್ನು ತೆಗೆದುಕೊಂಡು ಕುಡಿದರೆ ವಾಂತಿ, ಎದೆ ಬಡಿತ, ರಕ್ತದೊತ್ತಡ ಕುಸಿತ ಆಗುತ್ತದೆ. ವೈದ್ಯರು ರೋಗಿಯ ಒಪ್ಪಿಗೆ ಪಡೆದೇ ಕೊಡುವ ಮದ್ದು ಅದು. ಸಾರಿನಲ್ಲಿ ಕದ್ದು ಬೆರೆಸಿದರೆ, ತಿಳಿಯದೆ ಕುಡಿದವರ ಪ್ರಾಣವೇ ಹೋದೀತು. ಹೆಸರಿಲ್ಲದ ಪುಡಿಯಲ್ಲಿ ಏನಿದೆ ಎಂದು ಮಾರುವವರಿಗಷ್ಟೇ ಗೊತ್ತು.

ಕೊನೆಯ ವರ್ಷಗಳು

ಬಿಲ್ ಅವರನ್ನು ಸಂತ ಮಾಡುವವರೂ ಇದ್ದಾರೆ. ಅವರು ಸಂತರಾಗಿರಲಿಲ್ಲ. ಮದುವೆಯಾಚೆ ಸಂಬಂಧಗಳಿದ್ದವು, ಅದರ ನೋವು ಲೋಯಿಸ್ ಪಾಲಿಗೆ ಬಂತು. 1940ರ ದಶಕದ ನಡುವಿನಿಂದ ಹತ್ತಾರು ವರ್ಷ ಖಿನ್ನತೆ ಕಾಡಿತು, ಕೆಲವು ದಿನ ಮೇಜಿನ ಮೇಲೆ ತಲೆಯಿಟ್ಟು ಕೂರುವುದೇ ಕೆಲಸ. ಸಾವಿರಾರು ಜನರಿಗೆ ದಾರಿ ತೋರಿದವರಿಗೆ ತಮ್ಮ ಖಿನ್ನತೆಗೆ ದಾರಿ ಕಾಣಲಿಲ್ಲ. 1956ರಲ್ಲಿ ವೈದ್ಯರ ನಿಗಾದಲ್ಲಿ ಎಲ್‌ಎಸ್‌ಡಿ ತೆಗೆದುಕೊಂಡು ನೋಡಿದರು, ಆಗ ಅದು ಕಾನೂನುಬಾಹಿರವಲ್ಲ. ಆಮೇಲೆ ನಯಾಸಿನ್, ಅಂದರೆ ವಿಟಮಿನ್ ಬಿ3, ಕುಡುಕರಿಗೆ ಒಳ್ಳೆಯದೆಂದು ಪ್ರಚಾರ ಮಾಡಿದರು. ಎ.ಎ. ಇದರಿಂದ ದೂರ ನಿಂತಿತು, ಒಳ್ಳೆಯದೇ ಆಯಿತು. ನಯಾಸಿನ್ ಕುಡಿತ ಬಿಡಿಸುತ್ತದೆಂಬುದು ಸಾಬೀತಾಗಿಲ್ಲ, ಅತಿ ಪ್ರಮಾಣದಲ್ಲಿ ಅದು ಯಕೃತ್ತಿಗೆ ಕೆಡುಕು. ಮಾಡಿದವರು ದೊಡ್ಡವರೆಂದು ಮದ್ದು ಸರಿಯಾಗುವುದಿಲ್ಲ.

ಕರೆತಂದ ಗೆಳೆಯ ಎಬ್ಬಿ ಮತ್ತೆ ಮತ್ತೆ ಕುಡಿತಕ್ಕೆ ಬಿದ್ದರು. ಬಿಲ್ ಕೊನೆಯವರೆಗೂ ಅವರ ಖರ್ಚು ನೋಡಿಕೊಂಡರು, ತನ್ನನ್ನು ಕೈಹಿಡಿದು ತಂದವರೆಂದೇ ಪರಿಚಯಿಸಿದರು. 1966ರಲ್ಲಿ ಎಬ್ಬಿ ತೀರಿಕೊಂಡಾಗ ಕುಡಿತ ಬಿಟ್ಟು ಎರಡು ವರ್ಷವಾಗಿತ್ತು.

ಯೇಲ್ ವಿಶ್ವವಿದ್ಯಾಲಯದ ಗೌರವ ಪದವಿಯನ್ನು 1954ರಲ್ಲಿ ಬಿಲ್ ಬೇಡವೆಂದರು, ಹೆಸರು ಮರೆಯಲ್ಲಿರಬೇಕೆಂಬ ಎ.ಎ. ನಿಯಮಕ್ಕಾಗಿ. ಬಿಡಲಾಗದೆ ಉಳಿದದ್ದು ಸಿಗರೇಟು. 36 ವರ್ಷ ಮದ್ಯ ಮುಟ್ಟದವರ ಶ್ವಾಸಕೋಶವನ್ನು ಹೊಗೆ ತಿಂದುಹಾಕಿತು. ಎಂಫಿಸೀಮಾ ಬಂದು, ಆಮ್ಲಜನಕದ ಸಿಲಿಂಡರ್ ಪಕ್ಕದಲ್ಲಿದ್ದಾಗಲೂ ಸೇದುತ್ತಿದ್ದರು. ಹಾಸಿಗೆ ಹಿಡಿದ ಕೊನೆಯ ವಾರಗಳಲ್ಲಿ ಅವರು ವಿಸ್ಕಿ ಕೇಳಿದ್ದು ಶುಶ್ರೂಷೆ ಮಾಡಿದವರ ಟಿಪ್ಪಣಿಗಳಲ್ಲಿದೆ. ಕೊಡಲಿಲ್ಲ. ಇದನ್ನು ಕೆಲವರು ಅವರ ಸೋಲೆಂದು ಹೇಳುತ್ತಾರೆ. ನಮಗೆ ಹಾಗನಿಸುವುದಿಲ್ಲ. ಈ ಕಾಯಿಲೆಗೆ ಪೂರ್ತಿ ವಾಸಿ ಎಂಬುದಿಲ್ಲ ಎಂದು ಅವರೇ ಕೂಟಗಳಲ್ಲಿ ಹೇಳಿಕೊಂಡು ಬಂದಿದ್ದರು.

1971ರ ಜನವರಿ 24ರಂದು ಮಯಾಮಿಯಲ್ಲಿ ಬಿಲ್ ತೀರಿಕೊಂಡರು. ಅದು ಅವರ 53ನೇ ಮದುವೆಯ ದಿನ. ವರ್ಮಾಂಟ್‌ನಲ್ಲಿ ಚಳಿಗಾಲ ಕಳೆದು ನೆಲ ಕರಗಿದ ಮೇಲೆ, ಮೇ ತಿಂಗಳಲ್ಲಿ ಈಸ್ಟ್ ಡಾರ್ಸೆಟ್‌ನಲ್ಲಿ ಹೂಳಿದರು. ಸಮಾಧಿಯ ಮೇಲಿರುವುದು ಸೈನಿಕರಿಗೆ ಇಡುವಂಥ ಸಾಧಾರಣ ಕಲ್ಲು. ಹೆಸರು, ಸೇನೆಯ ಹುದ್ದೆ, ದಿನಾಂಕ, ಅಷ್ಟೇ. ಎ.ಎ. ಎಂಬ ಅಕ್ಷರ ಎಲ್ಲೂ ಇಲ್ಲ. ಕುಡಿಯದೆ ಇಷ್ಟು ತಿಂಗಳು, ಇಷ್ಟು ವರ್ಷ ಕಳೆದೆವೆಂದು ಕೂಟಗಳಲ್ಲಿ ಕೊಡುವ ಬಿಲ್ಲೆಗಳಿವೆಯಲ್ಲ, ದೂರದೂರುಗಳಿಂದ ಬಂದವರು ಅವನ್ನು ಆ ಕಲ್ಲಿನ ಬಳಿ ಇಟ್ಟು ಹೋಗುತ್ತಾರೆ.